25 ಮನೆಗಳ ಮಿಡಿ ಕೀಬೋರ್ಡಿನಲ್ಲಿ ಭಾವಗೀತೆಗೆ ಹಿನ್ನೆಲೆ ಕಟ್ಟುವುದು ಹೇಗೆ?

ಅಕಾಯ್ ಎಂಪಿಕೆ ಮಿನಿ, ಆರ್ಟೂರಿಯಾ ಮಿನಿಲ್ಯಾಬ್, ನೋವೇಶನ್ ಲಾಂಚ್‌ಕೀ ಮಿನಿ ಮುಂತಾದ ಪುಟ್ಟ ಕೀಬೋರ್ಡುಗಳಿಗೆ ಸ್ವಂತ ದನಿ ಇಲ್ಲ. ಯಾವ ಮನೆಯನ್ನು (ಕೀಲಿಯನ್ನು) ಎಷ್ಟು ರಭಸದಿಂದ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬ ಸೂಚನೆಯನ್ನಷ್ಟೇ ಅವು ಯುಎಸ್‌ಬಿ ತಂತಿಯ ಮೂಲಕ ಕಳುಹಿಸುತ್ತವೆ. ನಾದ ಹುಟ್ಟುವುದು ಕಂಪ್ಯೂಟರಿನಲ್ಲಿ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ವಾದ್ಯಗಳ ಪ್ರದರ್ಶನದಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್ ಕಂಪನಿಯ ಜೂಪಿಟರ್-6 ವಾದ್ಯಗಳನ್ನು ಜೋಡಿಸಿ ತೋರಿಸಿದ, ವಾದ್ಯಗಳು ಪರಸ್ಪರ ಸೂಚನೆ ಕಳುಹಿಸಿಕೊಳ್ಳುವ ಮಿಡಿ ವ್ಯವಸ್ಥೆಯೇ ಇಂದಿಗೂ ಇದಕ್ಕೆ ಆಧಾರ. ದಾಖಲಾಗುವುದು ಸೂಚನೆ ಮಾತ್ರವಾದ್ದರಿಂದ, ನುಡಿಸಿ ಮುಗಿಸಿದ ಮೇಲೂ ಸ್ವರವನ್ನು, ಕಾಲವನ್ನು, ವಾದ್ಯವನ್ನೇ ಬೇಕಾದರೂ ಬದಲಿಸಬಹುದು. ಮೋಹನ ರಾಗದ ಒಂದು ಭಾವಗೀತೆಗೆ ಹಿನ್ನೆಲೆ ಸಂಗೀತ ಸಿದ್ಧಪಡಿಸುವುದನ್ನೇ ಉದಾಹರಣೆಯಾಗಿ ನೋಡೋಣ.

ಮೊದಲು ತಂತ್ರಾಂಶ. ಮ್ಯಾಕ್ ಇರುವವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತದೆ. ವಿಂಡೋಸ್ ಬಳಸುವವರು ರೀಪರ್ ತಂತ್ರಾಂಶವನ್ನು 60 ದಿನ ಹಣ ಕೊಡದೆ ಬಳಸಿ ನೋಡಬಹುದು. ಕೀಬೋರ್ಡನ್ನು ಜೋಡಿಸಿ, ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮಿಡಿ ಇನ್‌ಪುಟ್ ಆಗಿ ಆರಿಸಿ, ಹೊಸ ಟ್ರ್ಯಾಕ್ ತೆರೆದು ಅದರಲ್ಲಿ ಒಂದು ವಾದ್ಯವನ್ನು ಹಾಕಿದರೆ ದನಿ ಬರುತ್ತದೆ.

ದನಿ ಬಂದರೂ ಒತ್ತಿದ ಮೇಲೆ ತುಸು ತಡವಾಗಿ ಕೇಳಿಸುತ್ತಿದ್ದರೆ ಮುಂದಕ್ಕೆ ಹೋಗಬೇಡಿ, ಏಕೆಂದರೆ ಆ ವಿಳಂಬದಲ್ಲಿ ಲಯ ಹಿಡಿಯುವುದು ನುರಿತವರಿಗೂ ಸಾಧ್ಯವಾಗದು. ಬ್ಲೂಟೂತ್ ಹೆಡ್‌ಫೋನನ್ನು ಬದಿಗಿಟ್ಟು ತಂತಿಯದನ್ನು ಹಾಕಿಕೊಳ್ಳಿ. ಬಳಿಕ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಬಫರ್ ಗಾತ್ರವನ್ನು, ಅಂದರೆ ಕಂಪ್ಯೂಟರು ಒಮ್ಮೆಗೆ ಸಿದ್ಧಪಡಿಸುವ ದನಿಯ ತುಣುಕುಗಳ (ಸ್ಯಾಂಪಲ್‌ಗಳ) ಸಂಖ್ಯೆಯನ್ನು, ಇಳಿಸಿ: ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ದರದಲ್ಲಿ 512ರ ಬಫರ್ ಎಂದರೆ ಸುಮಾರು 11.6 ಮಿಲಿಸೆಕೆಂಡ್, 128 ಎಂದರೆ ಸುಮಾರು 2.9 ಮಿಲಿಸೆಕೆಂಡ್. ತೀರಾ ಇಳಿಸಿದರೆ ದನಿ ಚಟಪಟ ಎನ್ನತೊಡಗುತ್ತದೆ. ಆಗ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದರಾಯಿತು. ವಿಂಡೋಸ್‌ನಲ್ಲಿ ವಿಳಂಬ ತಗ್ಗಿಸುವ ಎಎಸ್ಐಒ ಎಂಬ ಆಡಿಯೊ ಡ್ರೈವರ್ ಇಲ್ಲದೆ ಈ ಕೆಲಸ ಬಹುಮಟ್ಟಿಗೆ ಕೈಗೂಡುವುದಿಲ್ಲ. ಆಡಿಯೊ ಇಂಟರ್‌ಫೇಸ್ (ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ದನಿಯ ಸಾಧನ) ಇಲ್ಲದವರು ಎಎಸ್ಐಒ4ಆಲ್ ಎಂಬ ಉಚಿತ ಡ್ರೈವರನ್ನು ಹಾಕಿಕೊಳ್ಳಬಹುದು.

ಇನ್ನು ಶ್ರುತಿ. ಹಾಡುವವರದು ಐದೂವರೆ ಮನೆ ಶ್ರುತಿ ಎಂದುಕೊಳ್ಳಿ, ಅಂದರೆ ಜಿ ಶಾರ್ಪ್. ಅದೇ ಮನೆಯಿಂದ ಮೋಹನ ನುಡಿಸಹೊರಟರೆ ಮೂರು ಕಪ್ಪು, ಎರಡು ಬಿಳಿ ಮನೆಗಳ ನಡುವೆ ಬೆರಳು ಓಡಾಡಬೇಕಾಗುತ್ತದೆ. ಮಿನಿ ಕೀಬೋರ್ಡಿನ ಕಿರಿದಾದ ಕಪ್ಪು ಮನೆಗಳ ಮೇಲೆ ಇದು ತ್ರಾಸದಾಯಕ. ಒತ್ತಿದ ಸ್ವರವನ್ನು ಇಷ್ಟು ಮನೆ ಮೇಲಕ್ಕೆ ಅಥವಾ ಕೆಳಕ್ಕೆ ಸರಿಸುವ ಟ್ರಾನ್ಸ್‌ಪೋಸನ್ನು ಮೈನಸ್ 4ಕ್ಕೆ ಇಟ್ಟರೆ ಸಿ ಮನೆಯೇ ಷಡ್ಜವಾಗಿ, ಸ ರಿ ಗ ಪ ದ ಐದೂ ಬಿಳಿ ಮನೆಗಳಲ್ಲೇ ಸಿಗುತ್ತವೆ. ಕೀಬೋರ್ಡಿನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ತಂತ್ರಾಂಶದ ಟ್ರ್ಯಾಕಿನಲ್ಲೇ ಬದಲಿಸಬಹುದು. 25 ಮನೆಗಳೆಂದರೆ ಎರಡು ಸ್ಥಾಯಿ. ಮಂದ್ರಕ್ಕೆ ಇಳಿಯಬೇಕಾದಾಗ ಆಕ್ಟೇವ್ ಗುಂಡಿ ಇದ್ದೇ ಇದೆ. ಎರಡು ಕೈಗಳ ಕೆಲಸವನ್ನು ಒಮ್ಮೆಗೇ ಮಾಡಬೇಕಿಲ್ಲ, ಆಧಾರ ಷಡ್ಜ-ಪಂಚಮವನ್ನು ಒಂದು ಟ್ರ್ಯಾಕಿನಲ್ಲಿ, ಕೊಳಲನ್ನು ಇನ್ನೊಂದರಲ್ಲಿ ಬೇರೆ ಬೇರೆಯಾಗಿ ದಾಖಲಿಸಿ.

ಹೀಗೆ ಬೇರ್ಪಡಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ಕೀಬೋರ್ಡಿನ ಪಟ್ಟಿಯಿಂದಲೋ ಜಾಯ್‌ಸ್ಟಿಕ್ಕಿನಿಂದಲೋ ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಒಂದು ಮಿಡಿ ಚಾನೆಲ್‌ಗೆ (ಸೂಚನೆ ಸಾಗುವ ದಾರಿಗೆ) ಇಡಿಯಾಗಿ ಅನ್ವಯವಾಗುವುದರಿಂದ, ಕೊಳಲಿನ ಜಾರು ಎಳೆದಾಗ ಅದೇ ಟ್ರ್ಯಾಕಿನಲ್ಲಿರುವ ಆಧಾರ ಶ್ರುತಿಯೂ ಜೊತೆಗೇ ಜಾರಿಬಿಡುತ್ತದೆ. ಬಹುಪಾಲು ವಾದ್ಯಗಳಲ್ಲಿ ಬೆಂಡ್‌ನ ವ್ಯಾಪ್ತಿ ಎರಡು ಅರ್ಧಸ್ವರಗಳಿಗೆ ನಿಗದಿಯಾಗಿರುತ್ತದೆ. ಮೋಹನದಲ್ಲಿ ರಿಷಭದಿಂದ ಗಾಂಧಾರಕ್ಕೆ ಜಾರಲು ಅಷ್ಟು ಸಾಕು. ಗಾಂಧಾರದಿಂದ ಪಂಚಮಕ್ಕೆ, ಧೈವತದಿಂದ ತಾರ ಷಡ್ಜಕ್ಕೆ ಮೂರು ಬೇಕು. ಆದ್ದರಿಂದ ವಾದ್ಯದ ಸೆಟ್ಟಿಂಗ್‌ನಲ್ಲಿ ವ್ಯಾಪ್ತಿಯನ್ನು ಮೂರಕ್ಕೆ ಏರಿಸಿ, ಗಾಂಧಾರವನ್ನು ಒತ್ತಿ ಹಿಡಿದೇ ಬೆಂಡನ್ನು ತುದಿಯವರೆಗೆ ನಿಧಾನವಾಗಿ ತಳ್ಳಿ, ಪಂಚಮ ನಿಖರವಾಗಿ ಸಿಗುತ್ತದೆ. ಗಮಕವೆಂದರೆ ಬರೀ ಜಾರಲ್ಲ ಎಂದು ಸಂಗೀತ ಬಲ್ಲವರು ಹೇಳಿದರೆ ಅದು ನಿಜವೇ. ಸ್ವರವನ್ನು ತೂಗುವ ಕಂಪಿತದಂಥವನ್ನು ಈ ಪುಟ್ಟ ಪಟ್ಟಿಯ ಮೇಲೆ ಅಥವಾ ಜಾಯ್‌ಸ್ಟಿಕ್ಕಿನಲ್ಲಿ ತರಲು ಹೋಗಿ ಹಾಡನ್ನು ಕೆಡಿಸುವುದಕ್ಕಿಂತ ಅವನ್ನು ಹಾಡುಗಾರರ ಕಂಠಕ್ಕೇ ಬಿಡುವುದು ಒಳಿತು.

ಹಾರ್ಮೋನಿಯಂ ಅಭ್ಯಾಸವಿರುವವರು ಸ್ಪರ್ಶದ ವಿಷಯದಲ್ಲಿ ಎಚ್ಚರ ವಹಿಸಬೇಕು. ಹಾರ್ಮೋನಿಯಂನಲ್ಲಿ ದನಿಯ ಏರಿಳಿತ ತಿದಿಯಿಂದ ಬರುತ್ತದೆ, ಬೆರಳಿನ ರಭಸಕ್ಕೆ ಅಲ್ಲಿ ಬೆಲೆಯಿಲ್ಲ. ಇಲ್ಲಿ ಪ್ರತಿ ಒತ್ತೂ 1ರಿಂದ 127ರವರೆಗಿನ ಒಂದು ಅಂಕಿಯಾಗಿ ದಾಖಲಾಗುತ್ತದೆ, ಹೀಗಾಗಿ ಒಂದು ಸ್ವರ ಪಿಸುಗುಟ್ಟಿದರೆ ಮುಂದಿನದು ಕಿರುಚಬಹುದು. ಎಷ್ಟು ರಭಸಕ್ಕೆ ಎಷ್ಟು ಅಂಕಿ ಎಂಬುದನ್ನು ನಿರ್ಧರಿಸುವ ಕೀಬೋರ್ಡಿನ ವೆಲಾಸಿಟಿ ಕರ್ವ್ ಬದಲಿಸಿ ನೋಡಿ. ಆಮೇಲೂ ಎದ್ದು ಕೇಳುವ ಒಂದೆರಡು ಸ್ವರಗಳನ್ನು ಸ್ವರಗಳು ಪಟ್ಟಿಗಳಾಗಿ ಕಾಣುವ ಪಿಯಾನೊ ರೋಲ್ ಕಿಟಕಿಯಲ್ಲಿ ಮೌಸಿನಿಂದ ತಗ್ಗಿಸಿ.

ತಾಳಕ್ಕೆ ತಕ್ಕಂತೆ ಟೈಮ್ ಸಿಗ್ನೇಚರ್ (ಒಂದು ಬಾರ್‌ಗೆ ಎಷ್ಟು ಎಣಿಕೆ ಎಂಬುದನ್ನು) ಹೊಂದಿಸಿದ ಮೇಲೆಯೇ ಮೆಟ್ರೊನೋಮ್ ಹಾಕಿ ರೆಕಾರ್ಡ್ ಒತ್ತಬೇಕು. ಆದಿತಾಳವಾದರೆ 4/4ರ ಎರಡು ಬಾರ್‌ಗಳಿಗೆ ಒಂದು ಆವರ್ತನ; ಮಿಶ್ರ ಛಾಪುವಿಗೆ 7/8, ಖಂಡ ಛಾಪುವಿಗೆ 5/8. ಇದನ್ನು ಮರೆತು 4/4ರಲ್ಲೇ ಛಾಪು ನುಡಿಸಿದರೆ ಮುಂದೆ ಚರಣವನ್ನು ನಕಲಿಸಿ ಅಂಟಿಸುವಾಗ ಯಾವುದೂ ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ನುಡಿಸಿದ್ದನ್ನು ಕ್ವಾಂಟೈಸ್ ಮಾಡುವಾಗ, ಅಂದರೆ ಆಚೀಚೆ ಬಿದ್ದ ಸ್ವರಗಳನ್ನು ಲಯದ ಗೆರೆಗೆ ಸರಿಸುವಾಗ, ನೂರಕ್ಕೆ ನೂರು ಎಳೆಯಬೇಡಿ, ಅರ್ಧದಷ್ಟು ಸಾಕು. ಪ್ಯಾಡ್‌ಗಳಲ್ಲಿ ಬಾರಿಸಿದ ತಬಲಾ ಪೂರ್ತಿ ನೇರವಾದರೆ ಯಂತ್ರದಂತೆ ಕೇಳುತ್ತದೆ.

ಹಾಡುವವರು ಬೇರೆ ಊರಿನಲ್ಲಿದ್ದು ಅವರಿಗೆ ಹಿನ್ನೆಲೆಯನ್ನು ಕಳುಹಿಸುವುದಾದರೆ ಮಿಡಿ ಕಡತವೊಂದನ್ನೇ ಕಳುಹಿಸಿದರೆ ಸಾಲದು. ಅದರಲ್ಲಿ ಸೂಚನೆ ಮಾತ್ರ ಇರುವುದರಿಂದ ನಿಮ್ಮ ಕೊಳಲು ಅವರ ಕಂಪ್ಯೂಟರಿನಲ್ಲಿ ಪಿಯಾನೊ ಆಗಿ ಕೇಳಬಹುದು. ಎಲ್ಲ ಟ್ರ್ಯಾಕುಗಳನ್ನೂ ದನಿಯನ್ನೇ ಹಿಡಿದಿಡುವ ಡಬ್ಲ್ಯುಎವಿ ರೂಪಕ್ಕೆ ರೆಂಡರ್ ಮಾಡಿ (ಪರಿವರ್ತಿಸಿ), ಕಡತದ ಹೆಸರಿನಲ್ಲೇ ಶ್ರುತಿ ಮತ್ತು ವೇಗವನ್ನು ನಮೂದಿಸಿ ಕಳುಹಿಸಿ.