ಹಳೆ ಫ್ಲಿಪ್ ಫೋನನ್ನು ದಿನಬಳಕೆಗೆ ತಂದ ನನ್ನ ಅನುಭವ

ನನ್ನ ಜೇಬಿನಲ್ಲಿರುವುದು 2000ರ ದಶಕದ ಮಧ್ಯದಲ್ಲಿ ಬಂದ ಒಂದು ಸಣ್ಣ ಟೂಜಿ (ಎರಡನೇ ತಲೆಮಾರಿನ ಮೊಬೈಲ್ ನೆಟ್‌ವರ್ಕ್) ಫ್ಲಿಪ್ ಫೋನ್, ಅಂದರೆ ಮಡಚುವ ಫೋನ್. ಸ್ಮಾರ್ಟ್‌ಫೋನ್ ಬಿಟ್ಟಿಲ್ಲ, ಅದು ಬ್ಯಾಗಿನಲ್ಲಿ ಇರುತ್ತದೆ. ಸ್ಕ್ರೀನ್ ಚಟ ಬಿಡುವುದಕ್ಕೆ ಹಳೆ ಫೋನ್ ಹಿಡಿದವರ ಕಥೆ ಬೇಕಾದಷ್ಟಿವೆ. ನನ್ನ ಕಾರಣ ಅಷ್ಟು ದೊಡ್ಡದಲ್ಲ. ನನಗೆ ಕರೆಗಳು ಜಾಸ್ತಿ, ಕೈ ಯಾವಾಗಲೂ ಕೆಲಸದಲ್ಲಿರುತ್ತದೆ, ದೊಡ್ಡ ಗಾಜಿನ ಹಲಗೆಯನ್ನು ಕಿವಿಗೆ ಒತ್ತಿಕೊಂಡು ಮಾತಾಡಿ ಸಾಕಾಗಿತ್ತು.

ಮೊದಲು ನೋಡಿಕೊಂಡಿದ್ದು ನೆಟ್‌ವರ್ಕ್. ಇಂಥ ಫೋನಿಗೆ ಟೂಜಿ ಬಿಟ್ಟು ಬೇರೇನೂ ಗೊತ್ತಿಲ್ಲ. 4ಜಿ ಮಾತ್ರ ಇರುವ ಕಂಪನಿಯ ಸಿಮ್ ಹಾಕಿದರೆ ಸಿಗ್ನಲ್ ಕಡ್ಡಿ ಏಳುವುದೇ ಇಲ್ಲ. ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ 2016ರ ಡಿಸೆಂಬರ್‌ನಲ್ಲಿ, ಅಮೆರಿಕದ ಎಟಿ ಅಂಡ್ ಟಿ 2017ರ ಆರಂಭದಲ್ಲಿ ಟೂಜಿ ಮುಚ್ಚಿದವು. ಸಿಂಗಾಪುರದಲ್ಲಿ ಅದೇ ವರ್ಷ ಏಪ್ರಿಲ್‌ನಲ್ಲಿ ನಿಂತಿತು. ನಿಮ್ಮ ಕಡೆ ಟೂಜಿ ಇಲ್ಲದಿದ್ದರೆ ಇಂಥ ಫೋನಿಗೆ ದುಡ್ಡು ಹಾಕಬೇಡಿ. ಟೂಜಿ ಇದ್ದರೂ ಫೋನಿನ ಬ್ಯಾಂಡ್, ಅಂದರೆ ಅದು ಹಿಡಿಯುವ ರೇಡಿಯೋ ಫ್ರೀಕ್ವೆನ್ಸಿ ಯಾವುದು ಅಂತ ನೋಡಿ. 850, 900, 1800, 1900 ಮೆಗಾಹರ್ಟ್ಸ್ ನಾಲ್ಕೂ ಹಿಡಿಯುವ ಕ್ವಾಡ್ ಬ್ಯಾಂಡ್ ಆದರೆ ತಲೆನೋವಿಲ್ಲ.

ಆಮೇಲೆ ಸಿಮ್. ಹಳೆ ಫೋನಿನ ಸಿಮ್ ಜಾಗ 25 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ಅಗಲ. ಈಗಿನ ನ್ಯಾನೋ ಸಿಮ್ ಅಲ್ಲಿ ಕೂರಬೇಕಾದರೆ ಪ್ಲಾಸ್ಟಿಕ್ ಅಡಾಪ್ಟರ್ ಬೇಕು. ಖಾಲಿ ಅಡಾಪ್ಟರನ್ನು ಮಾತ್ರ ಯಾವತ್ತೂ ಒಳಗೆ ತಳ್ಳಬೇಡಿ. ಒಳಗಿನ ಸಣ್ಣ ಪಿನ್‌ಗಳು ಅದರ ತೂತಿಗೆ ಸಿಕ್ಕಿಕೊಂಡು, ಎಳೆದಾಗ ಬಗ್ಗಿಹೋಗುತ್ತವೆ. ನಾನು ಸಿಮ್ ಕೂರಿಸಿದ ಮೇಲೆ ಹಿಂದೆ ತೆಳುವಾಗಿ ಟೇಪ್ ಅಂಟಿಸಿ ಹಾಕಿದೆ.

ಎರಡು ನಂಬರ್ ಇಟ್ಟುಕೊಂಡಿದ್ದೇನೆ. ಸ್ಮಾರ್ಟ್‌ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಇರುತ್ತದಲ್ವಾ, ಅಲ್ಲಿ ಫ್ಲಿಪ್ ಫೋನಿನ ನಂಬರ್ ಕೊಟ್ಟೆ. ಎಲ್ಲರಿಗೂ ಗೊತ್ತಿರುವ ಹಳೆ ನಂಬರಿಗೆ ಬಂದ ಕರೆ ಜೇಬಿನಲ್ಲಿ ರಿಂಗಾಗುತ್ತದೆ. (ಫಾರ್ವರ್ಡಿಂಗ್ ಕೋಡ್ ಒತ್ತಿ ಅಂತ ಯಾರಾದರೂ ಅಪರಿಚಿತರು ಫೋನಿನಲ್ಲಿ ಹೇಳಿದರೆ ಒತ್ತಬೇಡಿ, ಅದು ನಿಮ್ಮ ಕರೆಗಳನ್ನು ಕದಿಯುವ ದಾರಿ.) ಎಸ್‌ಎಂಎಸ್ ಹೀಗೆ ಫಾರ್ವರ್ಡ್ ಆಗುವುದಿಲ್ಲ. ಅದು ನನಗೆ ಒಳ್ಳೆಯದೇ ಆಯಿತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಗುಣಕ್ಕೆ ಬರೋಣ. ಈ ಫೋನನ್ನು ಮಾತಿಗಾಗಿಯೇ ಮಾಡಿದ್ದಾರೆ, ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. 1996ರ ಮೊಟೊರೊಲಾ ಸ್ಟಾರ್‌ಟ್ಯಾಕ್ ತೂಗುತ್ತಿದ್ದದ್ದು 88 ಗ್ರಾಂ. 2004ರ ರೇಜರ್ ವಿ3 95 ಗ್ರಾಂ, ಮಡಚಿದಾಗ ದಪ್ಪ 13.9 ಮಿಲಿಮೀಟರ್. ಈಗಿನ ಎಷ್ಟೋ ಫೋನ್‌ಗಳು 200 ಗ್ರಾಂ ಆಸುಪಾಸಿನಲ್ಲಿವೆ. ಮಡಚಿದರೆ ಅಂಗಿ ಜೇಬಿಗೆ ಸಾಕು, ಬಿಚ್ಚಿದರೆ ಸ್ಪೀಕರ್ ಕಿವಿಗೆ, ಮೈಕ್ ಕೆನ್ನೆ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಗದ್ದಲದಲ್ಲೂ ಕೂಗಬೇಕಾಗಿಲ್ಲ. ಬಿಚ್ಚಿದರೆ ಕರೆ ಎತ್ತಿದಂತೆ, ಮುಚ್ಚಿದರೆ ಇಟ್ಟಂತೆ. ಬೆರಳು ಒದ್ದೆಯಾಗಿದ್ದರೂ, ಗ್ಲೌಸ್ ಹಾಕಿದ್ದರೂ ಇದು ನಡೆಯುತ್ತದೆ. 5ರ ಗುಂಡಿಯ ಮೇಲೆ ಸಣ್ಣ ಉಬ್ಬು ಇರುತ್ತದೆ, ಅದನ್ನು ಹೆಬ್ಬೆರಳಿಗೆ ಹುಡುಕಿಕೊಂಡರೆ ನೋಡದೆಯೇ ನಂಬರ್ ಒತ್ತಬಹುದು. ಜೇಬಿನಲ್ಲಿದ್ದಾಗ ತಾನಾಗಿಯೇ ಯಾರಿಗೋ ಕರೆ ಹೋಗುವ ಕಾಟವೂ ಇಲ್ಲ.

ಬ್ಯಾಟರಿ ಸಣ್ಣದು. ಆದರೂ ತೆರೆಮರೆಯಲ್ಲಿ ಕೆಲಸ ಮಾಡುವ ಆ್ಯಪ್‌ಗಳಿಲ್ಲ, ಸ್ಕ್ರೀನ್ ಹೆಚ್ಚು ಹೊತ್ತು ಉರಿಯುವುದಿಲ್ಲ, ಹಾಗಾಗಿ ಕರೆ ಕಡಿಮೆ ಇರುವ ದಿನಗಳಲ್ಲಿ ಚಾರ್ಜರ್ ನೆನಪೇ ಆಗುವುದಿಲ್ಲ. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಬದಲಾಯಿಸಬಹುದು ಅನ್ನುವುದು ಇನ್ನೂ ದೊಡ್ಡ ವಿಷಯ. ಇಷ್ಟು ಹಳೆಯ ಫೋನ್ ಬದುಕಿರುವುದೇ ಅದರಿಂದ.

ಮಾತಿನಲ್ಲೂ ಒಂದು ಕೊರತೆ ಇದೆ, ಅದನ್ನು ಹಳೆ ಫೋನಿನ ಅಭಿಮಾನಿಗಳು ಹೇಳುವುದು ಕಡಿಮೆ. ಟೂಜಿ ಕರೆಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿ ಮಾತ್ರ ದಾಟುತ್ತದೆ. ವೋಲ್ಟೆಯ (4ಜಿ ನೆಟ್‌ವರ್ಕ್ ಮೇಲೆಯೇ ಹೋಗುವ ಕರೆ) ಎಚ್‌ಡಿ ಕರೆಯಲ್ಲಿ ಅದು 7,000 ಹರ್ಟ್ಸ್‌ವರೆಗೆ ಹೋಗುತ್ತದೆ. ಸ, ಶ, ಫ ಇಂಥ ಸದ್ದುಗಳ ಚೂಪು ಮೇಲಿನ ಭಾಗದಲ್ಲೇ ಇರುವುದು. ಹೆಸರು, ಇಮೇಲ್ ವಿಳಾಸ ಬರೆದುಕೊಳ್ಳುವಾಗ ನಾನು ಎರಡನೇ ಸಲ ಕೇಳುವುದು ಮಾಮೂಲಿ. ಕಿವಿ ಮಂದವಾಗಿರುವ ಹಿರಿಯರಿಗೆ ಇಂಥ ಫೋನ್ ಕೊಡಿಸುವ ಮೊದಲು ಒಂದು ಕರೆ ಮಾಡಿಸಿ ನೋಡಿ. ಗುಂಡಿ ದೊಡ್ಡದಿದ್ದರೆ ಸಾಲದು. ಹತ್ತಿರದಲ್ಲಿ ಸ್ಪೀಕರ್ ಇದ್ದರೆ ಕರೆ ಬರುವ ಮೊದಲೇ ಅದು ಗರ್‌ಗರ್ ಅನ್ನುತ್ತದೆ. ಟೂಜಿ ಫೋನ್ ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಸಿಗ್ನಲ್ ಕಳಿಸುವುದರಿಂದ ಆ ಸದ್ದು.

ಬರಹಕ್ಕೆ ಮಾತ್ರ ಇದು ಸೋತ ಯಂತ್ರ. ನನ್ನ ಫೋನಿನಲ್ಲಿ ಕನ್ನಡದ ಫಾಂಟೇ ಇಲ್ಲ, ಕನ್ನಡ ಮೆಸೇಜ್ ಬಂದರೆ ಬರೀ ಚೌಕದ ಡಬ್ಬಿಗಳು. ಇನ್‌ಬಾಕ್ಸ್ ಸಣ್ಣದು, ಜಾಹೀರಾತಿನ ಮೆಸೇಜ್‌ಗಳಿಂದಲೇ ತುಂಬುತ್ತದೆ, ತುಂಬಿದ ಮೇಲೆ ಹಳೆಯದು ಅಳಿಸುವವರೆಗೆ ಹೊಸದು ಬರುವುದಿಲ್ಲ. ಓಟಿಪಿಗೆ ಕಾಯುವಾಗ ಹೀಗಾದರೆ ಹೇಗಿರುತ್ತದೆ ಹೇಳಿ! ಭದ್ರತೆಯ ಮಾತೂ ಇದೆ. ಟೂಜಿಯಲ್ಲಿ ನೆಟ್‌ವರ್ಕ್ ಸಿಮ್ಮನ್ನು ಪರೀಕ್ಷಿಸುತ್ತದೆ, ಫೋನ್ ಟವರನ್ನು ಪರೀಕ್ಷಿಸುವುದಿಲ್ಲ. ಅಂದರೆ ನಕಲಿ ಟವರ್ ಇಟ್ಟರೂ ಫೋನಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಬ್ಯಾಂಕಿಗೆ ಕೊಟ್ಟ ನಂಬರ್ ಸ್ಮಾರ್ಟ್‌ಫೋನಿನಲ್ಲೇ ಇರಲಿ ಅಂತ ಬಿಟ್ಟೆ. ಎಸ್‌ಎಂಎಸ್ ಫಾರ್ವರ್ಡ್ ಆಗದ್ದು ಒಳ್ಳೆಯದಾಯಿತು ಅಂದಿದ್ದು ಇದಕ್ಕೆ.

ಬ್ರೌಸರ್ ಇದೆ, ಈಗಿನ ಸುರಕ್ಷಿತ ಸೈಟ್‌ಗಳು ಅದರಲ್ಲಿ ತೆರೆಯುವುದಿಲ್ಲ. ಕ್ಯಾಮೆರಾ ಇದೆ, ಅಷ್ಟೇ.

ಹಳೆಯದನ್ನು ಕೊಳ್ಳುವವರು ಮೈಮೇಲಿನ ಗೀರು ನೋಡುತ್ತಾ ಕೂರುತ್ತಾರೆ. ನೋಡಬೇಕಾದದ್ದು ಮಡಚುವ ಜಾಗ. ಎರಡು ಅರ್ಧಗಳನ್ನು ಜೋಡಿಸುವ ಫ್ಲೆಕ್ಸ್ ಕೇಬಲ್ ಅಲ್ಲಿಂದಲೇ ಹಾದುಹೋಗುತ್ತದೆ, ಪ್ರತಿ ಸಲ ಬಿಚ್ಚಿದಾಗಲೂ ಬಾಗುತ್ತದೆ. ಫೋನನ್ನು ನಿಧಾನವಾಗಿ ತೆರೆಯುತ್ತಾ ಸ್ಕ್ರೀನ್ ಮಿಣುಕುತ್ತದಾ, ಬಣ್ಣ ಕೆಡುತ್ತದಾ ಅಂತ ಗಮನಿಸಿ. ಅರ್ಧ ತೆರೆದಾಗ ಸ್ಪೀಕರ್ ಸದ್ದು ಕಟ್ ಆದರೆ ಕೇಬಲ್ ಹೋಗುವ ಹಂತದಲ್ಲಿದೆ ಅಂತಲೇ ಅರ್ಥ. ಬ್ಯಾಟರಿ ಹೊರಗೆ ತೆಗೆದು ಸಮತಟ್ಟಾದ ಮೇಜಿನ ಮೇಲಿಟ್ಟು ತಿರುಗಿಸಿ. ಬುಗುರಿ ಹಾಗೆ ತಿರುಗಿದರೆ ಹೊಟ್ಟೆ ಉಬ್ಬಿದೆ, ಅದನ್ನು ಚಾರ್ಜಿಗೆ ಹಾಕಲೇಬಾರದು. ಬದಲಿ ಬ್ಯಾಟರಿ ಸಿಗುತ್ತದಾ ಅಂತ ಫೋನಿಗಿಂತ ಮೊದಲೇ ವಿಚಾರಿಸಿಕೊಳ್ಳಿ. ಇನ್ನೊಂದು ಬ್ಯಾಟರಿ ಸುಮ್ನೆ ಎತ್ತಿಡುವುದಾದರೆ ಅರ್ಧದಷ್ಟು ಚಾರ್ಜ್ ಮಾಡಿ, ಬಿಸಿಲು ಬೀಳದ ತಂಪಾದ ಜಾಗದಲ್ಲಿಡಿ.