ನರ್ಸಿಂಗ್ ಕಾಲೇಜಿನ ಮಾನ್ಯತೆ ತಪಾಸಣೆಯನ್ನು ದೂರದಿಂದಲೇ ಮಾಡುವುದು ಹೇಗೆ?

2020ರಲ್ಲಿ ಕೋವಿಡ್‌ನಿಂದ ಓಡಾಟ ನಿಂತಾಗ ಹಲವು ದೇಶಗಳ ಮಾನ್ಯತಾ ಸಂಸ್ಥೆಗಳು ವೈದ್ಯಕೀಯ, ನರ್ಸಿಂಗ್ ಕೋರ್ಸುಗಳನ್ನು ವಿಡಿಯೋ ಮೂಲಕ ಪರಿಶೀಲಿಸತೊಡಗಿದವು. ಈ ವಿಧಾನದ ದೊಡ್ಡ ತೊಡಕೆಂದರೆ, ಕಾಲೇಜಿನಲ್ಲಿ ಫೋನ್ ಹಿಡಿದವರು ತೋರಿಸಿದ್ದಷ್ಟೇ ನಮಗೆ ಕಾಣುತ್ತದೆ. ಏನು ನೋಡಬೇಕು, ಯಾರನ್ನು ಮಾತಾಡಿಸಬೇಕು ಎಂಬುದನ್ನು ಕೊನೆಯವರೆಗೂ ತಂಡವೇ ನಿರ್ಧರಿಸಬೇಕು.

ತಂಡದಲ್ಲಿ ಮೂವರು ಸಾಕು: ಒಬ್ಬ ಅಧ್ಯಕ್ಷರು, ಒಬ್ಬ ನರ್ಸಿಂಗ್ ಬೋಧಕರು, ಆಸ್ಪತ್ರೆಯಲ್ಲಿ ಈಗಲೂ ಕೆಲಸ ಮಾಡುತ್ತಿರುವ ಒಬ್ಬ ಹಿರಿಯ ನರ್ಸ್. ಲಿಂಕ್, ಸಮಯ, ರೆಕಾರ್ಡಿಂಗ್ ನೋಡಿಕೊಳ್ಳಲು ಬೇರೆಯವರಿರಲಿ. ಪ್ರಶ್ನೆ ಕೇಳುವವರೇ ಮ್ಯೂಟ್ ತೆಗೆಯಲು ಪರದಾಡಿದರೆ ಉತ್ತರದತ್ತ ಗಮನ ಉಳಿಯುವುದಿಲ್ಲ.

ನಿಜವಾದ ತಪಾಸಣೆ ನಡೆಯುವುದು ದಾಖಲೆಗಳಲ್ಲಿ. ಆರು ವಾರ ಮೊದಲೇ ಅವನ್ನು ತರಿಸಿಕೊಳ್ಳಿ. ಬಿಟ್ಟುಹೋದವುಗಳ ಪಟ್ಟಿಯನ್ನು ಮೂರು ವಾರ ಮೊದಲು ಕಳಿಸಿ. ಒಂದೊಂದು ಕಡತವನ್ನು ಬಿಡಿಯಾಗಿ ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದ್ದರಿಂದ ಒಂದರ ಪಕ್ಕ ಇನ್ನೊಂದನ್ನಿಟ್ಟು ನೋಡಿ. ಕ್ಲಿನಿಕಲ್ ರೊಟೇಷನ್ ಪ್ಲಾನ್ (ಯಾವ ವಿದ್ಯಾರ್ಥಿಗಳು ಯಾವಾಗ ಯಾವ ವಾರ್ಡಿನಲ್ಲಿ ಎಂಬ ಪಟ್ಟಿ), ವಿದ್ಯಾರ್ಥಿಗಳ ಲಾಗ್‌ಬುಕ್ (ತಾವು ಮಾಡಿದ ಕೆಲಸವನ್ನು ಬರೆದಿಡುವ ಪುಸ್ತಕ), ಆಸ್ಪತ್ರೆಯ ವಾರ್ಡ್ ರಿಜಿಸ್ಟರ್ ಮೂರರಲ್ಲೂ ಒಂದೇ ವಾರವನ್ನು ಆರಿಸಿ ಹೋಲಿಸಿ. ಸ್ವಲ್ಪ ಲೆಕ್ಕವನ್ನೂ ಹಾಕಿ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳೆಂಬ ಅನುಪಾತ ಹಿಡಿದರೆ, 20 ಮಂದಿಯ ಬ್ಯಾಚಿಗೆ ಪಾಳಿಯಲ್ಲಿ 60 ರೋಗಿಗಳು ಬೇಕು. ತಿಂಗಳಿಗೆ 30 ಹೆರಿಗೆಯಾಗುವ ಆಸ್ಪತ್ರೆಯಲ್ಲಿ 60 ವಿದ್ಯಾರ್ಥಿಗಳು ತಲಾ 10 ಹೆರಿಗೆ ಮಾಡಿಸಿದ್ದಾರೆಂದು ಬರೆದಿದ್ದರೆ, ಅದಕ್ಕೆ 600 ಹೆರಿಗೆ, ಅಂದರೆ 20 ತಿಂಗಳು ಬೇಕು. ಲಾಗ್‌ಬುಕ್ ನಾಲ್ಕೇ ತಿಂಗಳಿನದಾದರೆ ಅಲ್ಲೇ ಪ್ರಶ್ನೆ ಹುಟ್ಟುತ್ತದೆ. ಬೋಧಕರ ಪಟ್ಟಿಯನ್ನು ಸಂಬಳದ ಬ್ಯಾಂಕ್ ದಾಖಲೆ ಮತ್ತು ವೇಳಾಪಟ್ಟಿಯ ಜೊತೆ ಹೋಲಿಸಿದರೆ ಹೆಸರಿಗಷ್ಟೇ ಇರುವವರು ಯಾರೆಂದು ಗೊತ್ತಾಗುತ್ತದೆ.

ಒಂದು ವಾರ ಮೊದಲು ರಿಹರ್ಸಲ್ ಮಾಡಿಸಿ. ತರಗತಿಯಲ್ಲಿ ಚೆನ್ನಾಗಿರುವ ಸಿಗ್ನಲ್ ನೆಲಮಾಳಿಗೆಯ ಲ್ಯಾಬಿನಲ್ಲೋ ಲಿಫ್ಟಿನಲ್ಲೋ ಕಡಿದುಹೋಗುತ್ತದೆ. ಕಾಲೇಜಿನವರು ಫೋನ್ ಹಿಡಿದು ಇಡೀ ದಾರಿ ನಡೆದು ನೋಡಲಿ. ಇನ್ನೊಂದು ಕಂಪನಿಯ ಸಿಮ್‌ನಿಂದ ಹಾಟ್‌ಸ್ಪಾಟ್, ಕಾಲರ್ ಮೈಕ್, ಪವರ್ ಬ್ಯಾಂಕ್ ಸಿದ್ಧವಿರಲಿ. ಆದರೆ ಯಾವ ಕೋಣೆಯನ್ನು ಮೊದಲು ನೋಡುತ್ತೀರೆಂದು ಮುಂಚೆಯೇ ಹೇಳಬೇಡಿ.

ತಪಾಸಣೆಯನ್ನು ಎರಡು ದಿನಗಳಿಗೆ ಹಂಚಿ, ದಿನಕ್ಕೆ ಐದು ಗಂಟೆ ಮೀರದಂತೆ ಇಟ್ಟುಕೊಳ್ಳಿ. 50 ನಿಮಿಷಕ್ಕೊಮ್ಮೆ ಬಿಡುವು ಬೇಕು. ಸ್ಕ್ರೀನ್ ನೋಡಿ ದಣಿದ ಕಣ್ಣಿಗೆ ತಪ್ಪುಗಳು ಕಾಣುವುದಿಲ್ಲ. ಮೊದಲೇ ಚಿತ್ರೀಕರಿಸಿದ ವಿಡಿಯೋ ಬೇಡ. ನೇರ ಪ್ರಸಾರದಲ್ಲಿ “ಎಡಕ್ಕೆ ತಿರುಗಿ, ಆ ಕಪಾಟು ತೆಗೆಯಿರಿ” ಎನ್ನಿ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ವಿಧಾನ) ಕಲಿಸುವ ಗೊಂಬೆ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ವಿದ್ಯಾರ್ಥಿಯೊಬ್ಬರಿಂದ ಅದರ ಎದೆಯನ್ನು 30 ಬಾರಿ ಒತ್ತಿಸಿ. ನಿಮಿಷಕ್ಕೆ 100ರಿಂದ 120ರ ವೇಗವೆಂದರೆ ಅದು 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕು. ಪ್ರತಿ ಸಲ ಒತ್ತಿದ ಮೇಲೆ ಗೊಂಬೆಯ ಎದೆ ಪೂರ್ತಿ ಮೇಲೇಳುತ್ತದೆಯೇ, ವಿದ್ಯಾರ್ಥಿಯ ಮೊಣಕೈ ಮಡಚುತ್ತದೆಯೇ ಎಂಬುದು ವಿಡಿಯೋದಲ್ಲೂ ಸ್ಪಷ್ಟವಾಗಿ ಕಾಣುತ್ತದೆ.

ವಾರ್ಡಿನಲ್ಲಿ ಮಾತ್ರ ಬಹಳ ಎಚ್ಚರ ಬೇಕು. ರೋಗಿಯ ಮುಖ, ಕೇಸ್‌ಶೀಟ್, ಹಾಸಿಗೆ ಮೇಲಿನ ಹೆಸರಿನ ಫಲಕ ಯಾವುದೂ ಬರಬಾರದು. ಫೋನ್ ಹಿಡಿದವರು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆಯೇ ಒಳಹೋಗಲಿ. ನೋವಿನಲ್ಲಿ ಮಲಗಿರುವವರು ನಮ್ಮ ತಪಾಸಣೆಯ ವಸ್ತುವಲ್ಲ. ನರ್ಸಿಂಗ್ ಸ್ಟೇಷನ್, ಕೈ ತೊಳೆಯುವ ಜಾಗ, ಬಣ್ಣಬಣ್ಣದ ತ್ಯಾಜ್ಯದ ಡಬ್ಬಿಗಳು, ವಿದ್ಯಾರ್ಥಿಗಳ ಡ್ಯೂಟಿ ಪಟ್ಟಿ ನೋಡಿದರೆ ಸಾಕಷ್ಟು ತಿಳಿಯುತ್ತದೆ.

ವಿದ್ಯಾರ್ಥಿಗಳ ಸಂದರ್ಶನ ಸುಲಭವಾಗಿ ಹಾಳಾಗುತ್ತದೆ. ಕಾಲೇಜು ಆರಿಸಿದವರು ಬೇಡ. ಹಾಜರಾತಿ ಪಟ್ಟಿಯಿಂದ ಎಂಟು ಮಂದಿಯನ್ನು ನೀವೇ ಆರಿಸಿ, ಅರ್ಧ ಗಂಟೆ ಮೊದಲಷ್ಟೇ ತಿಳಿಸಿ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಕ್ಯಾಮೆರಾದ ಹಿಂದೆ ಮೇಡಂ ನಿಂತಿರಬಹುದು. ಅವರವರ ಫೋನಿನಿಂದ ಬೇರೆ ಬೇರೆ ಜಾಗದಲ್ಲಿದ್ದು ಸೇರಲಿ, ಹೆಸರಿನ ಬದಲು ‘ವಿದ್ಯಾರ್ಥಿ 1’, ‘ವಿದ್ಯಾರ್ಥಿ 2’ ಎಂದಿರಲಿ. ರೆಕಾರ್ಡಿಂಗ್ ಬೇಡ. ಕರ್ನಾಟಕದ ಕಾಲೇಜಾದರೆ ಕನ್ನಡದಲ್ಲೇ ಮಾತಿಗಿಳಿಯಿರಿ, ಮಲಯಾಳಂ, ಹಿಂದಿ ಮಾತಾಡುವವರಿದ್ದರೆ ಅದಕ್ಕೂ ಅವಕಾಶವಿರಲಿ. ಇಂಗ್ಲಿಷಿನಲ್ಲಿ “ಯೆಸ್ ಮ್ಯಾಮ್” ದಾಟದವರು ತಮ್ಮ ಭಾಷೆಯಲ್ಲಿ ಹಾಸ್ಟೆಲ್, ನೈಟ್ ಡ್ಯೂಟಿ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. “ಕಲಿಕೆ ಚೆನ್ನಾಗಿದೆಯೇ?” ಎಂಬುದಕ್ಕಿಂತ “ಕಳೆದ ವಾರ ವಾರ್ಡಿನಲ್ಲಿ ನಿಮ್ಮ ಜೊತೆ ಯಾವ ಟೀಚರ್ ಇದ್ದರು?” ಎಂಬ ಪ್ರಶ್ನೆ ಕೆಲಸಕ್ಕೆ ಬರುತ್ತದೆ.

ಪ್ರತಿ ದಿನದ ಕೊನೆಗೆ ತಂಡ ಮಾತ್ರ ಅರ್ಧ ಗಂಟೆ ಕೂತು, ಪ್ರತಿ ಅಂಶದ ಮುಂದೆ ಅದು ದಾಖಲೆಯಿಂದ ಬಂದದ್ದೋ, ಕಣ್ಣಾರೆ ಕಂಡದ್ದೋ, ಸಂದರ್ಶನದಲ್ಲಿ ಕೇಳಿದ್ದೋ ಎಂದು ಬರೆದುಕೊಳ್ಳಿ. ಸಿಗ್ನಲ್ ಕಡಿದು ನೋಡಲಾಗದ್ದನ್ನು ‘ನೋಡಿಲ್ಲ’ ಎಂದೇ ದಾಖಲಿಸಿ. ‘ತೃಪ್ತಿಕರ’ ಎಂದು ತುಂಬಬೇಡಿ. ಹಾಗೆ ಉಳಿದವುಗಳಲ್ಲಿ ಆಸ್ಪತ್ರೆ ತರಬೇತಿಗೆ ಸಂಬಂಧಿಸಿದ್ದು ಒಂದಿದ್ದರೂ, ತಂಡದ ಒಬ್ಬರು ಖುದ್ದಾಗಿ ಹೋಗಿ ನೋಡಿ ಬರುವವರೆಗೆ ವರದಿಗೆ ಸಹಿ ಹಾಕಬೇಡಿ.