ಪ್ಲಾನ್ ಹಾಳೆಯ ಮೇಲಿನ ಇಂಗ್ಲಿಷು

ಬೆಂಗಳೂರಿನಲ್ಲಿ ಕೂತು ಹೊರದೇಶದ ಆರ್ಕಿಟೆಕ್ಟ್‌ಗಳಿಗೆ ಮನೆಗಳ ಡ್ರಾಯಿಂಗ್ ಮಾಡಿಕೊಡುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಆಟೋಕ್ಯಾಡ್ ಬೇಗ ಕೈಗೆ ಹತ್ತಿತು. ಮನೆಯ ಒಂದೊಂದು ಭಾಗಕ್ಕೆ ಒಂದೊಂದು ದೇಶದವರು ಇಟ್ಟುಕೊಂಡಿರುವ ಇಂಗ್ಲಿಷ್ ಹೆಸರುಗಳು ತಲೆಗೆ ಹತ್ತಲು ಹೆಚ್ಚು ಕಾಲ ಬೇಕಾಯಿತು.

ಮೊದಲು ಮಹಡಿ. ಲಂಡನ್, ಡಬ್ಲಿನ್, ಸಿಡ್ನಿಯವರದು ನಮ್ಮ ಲೆಕ್ಕವೇ: ಕೆಳಗಿನದು ಗ್ರೌಂಡ್, ಅದರ ಮೇಲಿನದು ಫಸ್ಟ್. ಅಮೆರಿಕದ ಮನೆಗಳಲ್ಲಿ ಕೆಳಗಿನದೇ ಫಸ್ಟ್ ಫ್ಲೋರ್. ಹಾಗಾಗಿ ಹಾಳೆ ಕೈಗೆ ಬಂದೊಡನೆ ಮುಂಬಾಗಿಲು ಎಲ್ಲಿದೆ, ಮೆಟ್ಟಿಲಿನ ಬಾಣ ಯಾವ ಕಡೆಗಿದೆ ಎಂದು ನೋಡುತ್ತೇನೆ. ಹೆಸರು ಓದುವುದು ಆಮೇಲೆ.

ಡ್ಯೂಪ್ಲೆಕ್ಸ್ ಇದಕ್ಕಿಂತ ತೊಡಕಿನದು. ಬೆಂಗಳೂರಿನಲ್ಲಿ ಅದು ಒಳಗೇ ಮೆಟ್ಟಿಲಿರುವ, ಒಂದು ಸಂಸಾರದ ಎರಡಂತಸ್ತಿನ ಮನೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದೇ ಕಟ್ಟಡದಲ್ಲಿರುವ ಎರಡು ಸಂಸಾರಗಳ ಎರಡು ಮನೆ. ಅಲ್ಲಿಗೆ ಎರಡು ಅಡುಗೆಮನೆ ಬೇಕು, ಎರಡರ ನಡುವೆ ಬೆಂಕಿ ತಡೆಯುವ ಗೋಡೆಯೂ ಬೇಕು. ಇನ್ನು ಅವರ ಎರಡೂವರೆ ಬಾತ್‌ರೂಮಿನಲ್ಲಿ ಆ ಅರ್ಧ ಅಂದರೆ ಕಮೋಡ್ ಮತ್ತು ಬೇಸಿನ್ ಮಾತ್ರ, ಸ್ನಾನಕ್ಕೆ ಜಾಗವಿಲ್ಲ.

ನನಗೆ ತುಂಬ ಇಷ್ಟವಾದದ್ದು ಐರ್ಲೆಂಡಿನ ಹಾಟ್ ಪ್ರೆಸ್. ಅಲ್ಲಿಯವರಿಗೆ ಪ್ರೆಸ್ ಅಂದರೆ ಕಪಾಟು. ಈ ಕಪಾಟಿನ ತಳದಲ್ಲಿ ಬಿಸಿನೀರಿನ ತಾಮ್ರದ ಸಿಲಿಂಡರ್ ಇರುತ್ತದೆ, ಶಾಖ ಸೋರದಂತೆ ಅದಕ್ಕೊಂದು ಹೊದಿಕೆ. ಮೇಲೆ ಸಂದಿ ಬಿಟ್ಟು ಜೋಡಿಸಿದ ಮರದ ಪಟ್ಟಿಗಳ ಹಲಗೆಗಳು. ಅಷ್ಟಾದರೂ ಏಳುವ ಬಿಸಿ ಸಂದಿಗಳಲ್ಲಿ ನುಸುಳಿ ಟವೆಲು, ಹೊದಿಕೆಗಳ ತೇವ ಆರಿಸುತ್ತದೆ. ಮಳೆಗಾಲವಿಡೀ ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸಿಕೊಂಡು ಮಲೆನಾಡಿನಲ್ಲಿ ಬೆಳೆದ ನನಗೆ ಆ ಏರ್ಪಾಡಿನ ಬೆಲೆ ಚೆನ್ನಾಗಿ ಗೊತ್ತು. ಇಂಗ್ಲೆಂಡಿನವರು ಇದನ್ನೇ ಏರಿಂಗ್ ಕಪ್‌ಬೋರ್ಡ್ ಅನ್ನುತ್ತಾರೆ. ಬರೀ ಕಪಾಟೆಂದು ಬರೆದುಬಿಟ್ಟರೆ ನೀರಿನ ಪೈಪುಗಳಿಗೆ ಜಾಗವೇ ಉಳಿಯುವುದಿಲ್ಲ.

ಆಸ್ಟ್ರೇಲಿಯಾದವರು ವಾರ್ಡ್‌ರೋಬನ್ನು ರೋಬ್ ಎಂದು ಮೊಟಕು ಮಾಡುತ್ತಾರೆ. ಬಿಐಆರ್ ಅಂದರೆ ಗೋಡೆಯಲ್ಲೇ ಕೂರಿಸಿದ ರೋಬ್. ಹಾಸಿಗೆ ಬಟ್ಟೆಗಳಿಗೆ ಅಲ್ಲಿನ ಅಂಗಡಿಗಳಲ್ಲಿ ಮ್ಯಾಂಚೆಸ್ಟರ್ ಎಂದೇ ಹೆಸರು, ಇಂಗ್ಲೆಂಡಿನ ಹತ್ತಿ ಬಟ್ಟೆಯ ಊರಿನ ನೆನಪಿಗೆ. ದಕ್ಷಿಣ ಆಫ್ರಿಕಾದಲ್ಲಿ ಮಾತ್ರ ನೀರು ಕಾಯಿಸುವುದು ನಮ್ಮಂತೆಯೇ ಗೀಸರ್!

ನನ್ನ ಪಟ್ಟಿಯನ್ನು ದೇಶವಾರು ಮಾಡದೆ ವಸ್ತುವಾರು ಮಾಡಿದೆ. ಪ್ರತಿ ಹೆಸರಿನ ಎದುರು ಒಳಗೇನಿದೆ, ಪೈಪ್ ಬೇಕೇ, ವೈರಿಂಗ್ ಬೇಕೇ, ಬಾಗಿಲು ಎತ್ತ ತೆರೆಯುತ್ತದೆ ಎಂದು ಬರೆದಿದ್ದೇನೆ. ಡ್ರಾಯಿಂಗಿನಲ್ಲಿ ಮಾತ್ರ ಆಯಾ ಊರಿನ ಪದವನ್ನೇ ಉಳಿಸುತ್ತೇನೆ, ಏಕೆಂದರೆ ಕೊನೆಗೆ ಆ ಹಾಳೆ ಹಿಡಿದು ನಿಲ್ಲುವವರು ಅಲ್ಲಿನ ಪ್ಲಂಬರು, ಬಡಗಿಗಳು. ಈ ಕೆಲಸಕ್ಕೆ ಹೊಸದಾಗಿ ಬರುವವರು ಆಯಾ ದೇಶದ ಮನೆ ಮಾರಾಟದ ಜಾಹೀರಾತುಗಳನ್ನು ಓದಿ. ಪ್ಲಾನೂ ಫೋಟೋವೂ ಒಟ್ಟಿಗೇ ಸಿಗುತ್ತವೆ.